ಎಲ್ಲಿ ಬರೆದಿದೆ, ತೋರಿಸಿ: ವಕೀಲೆ ಪ್ಯಾಟ್ಸಿ ಮಿಂಕ್ ಅವರ ಬದುಕು

ಕಾನೂನು ಓದುತ್ತಿರುವ ಮಕ್ಕಳ ಮುಂದೆ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಒಂದೆರಡು ಕಡೆ ತಿದ್ದಿದ್ದೇನೆ, ಉಳಿದದ್ದು ಹಾಗೇ ಇದೆ.

ನಮಸ್ಕಾರ. ಇವತ್ತು ಒಬ್ಬ ವಕೀಲೆಯ ಕಥೆ ಹೇಳಬೇಕು ಅಂತ ಬಂದಿದ್ದೇನೆ. 1953ರಲ್ಲಿ ಹವಾಯಿಯ ಹೊನೊಲುಲುವಿನಲ್ಲಿ ಅವರು ಸ್ವಂತ ಆಫೀಸು ತೆರೆದರು. ಅವರ ಕೈಗೆ ಬಂದ ಮೊದಲ ಫೀಸು ಏನು ಗೊತ್ತಾ? ಒಂದು ಮೀನು. ಕಕ್ಷಿದಾರರ ಹತ್ತಿರ ದುಡ್ಡಿರಲಿಲ್ಲ, ಮೀನು ಕೊಟ್ಟು ಹೋದರು.

ತಾಲ್ಲೂಕು ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡಿದವರಿಗೆ ಇದು ವಿಚಿತ್ರ ಅನ್ನಿಸುವುದಿಲ್ಲ. ನಮ್ಮ ಸೀನಿಯರ್ ಮನೆ ಜಗಲಿಯ ಮೇಲೆ ಬಾಳೆಗೊನೆ, ತೆಂಗಿನಕಾಯಿ ಚೀಲ ಇರುತ್ತಿದ್ದುದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಆದರೆ ಈ ವಕೀಲೆ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ ಬಂದವರು. ಅಂಥವರು ಯಾಕೆ ಒಬ್ಬರೇ ಆಫೀಸು ತೆರೆದು ಕೂತರು? ಯಾವ ಲಾ ಫರ್ಮ್ ಕೂಡ ಕೆಲಸ ಕೊಡಲಿಲ್ಲ, ಅದಕ್ಕೆ. ಮದುವೆಯಾಗಿದೆ, ಮನೆಯಲ್ಲಿ ಪುಟ್ಟ ಮಗು ಇದೆ, ಹೊತ್ತಲ್ಲದ ಹೊತ್ತಿನಲ್ಲಿ ಕೆಲಸ ಮಾಡೋಕೆ ಆಗಲ್ಲ ಅಂತ ಫರ್ಮಿನವರೇ ತೀರ್ಮಾನ ಮಾಡಿಬಿಟ್ಟರು. ಅದೇ ಪುಟ್ಟ ಮಗು ಇರುವ ಗಂಡಸಿಗೆ ಈ ಪ್ರಶ್ನೆ ಯಾರೂ ಕೇಳುವುದಿಲ್ಲ, ಅಲ್ವಾ?

ಅವರ ಹೆಸರು ಪ್ಯಾಟ್ಸಿ ಟಕೆಮೊಟೊ ಮಿಂಕ್. ಮುಂದೆ ಅಮೆರಿಕದ ಕಾಂಗ್ರೆಸ್ಸಿಗೆ, ಅಂದರೆ ಅಲ್ಲಿನ ಪಾರ್ಲಿಮೆಂಟಿಗೆ, ಆಯ್ಕೆಯಾದ ಮೊದಲ ಬಿಳಿಯರಲ್ಲದ ಮಹಿಳೆ. ಇಡೀ ಬದುಕಿನಲ್ಲಿ ಅವರ ಮುಂದೆ ಬಾಗಿಲು ಹಾಕಿದವರೇ ಜಾಸ್ತಿ. ಪ್ರತಿ ಸಲವೂ ಅವರು ಮಾಡಿದ್ದನ್ನು ನನ್ನ ಮಾತಿನಲ್ಲಿ ಹೇಳಬೇಕೆಂದರೆ, "ಇದು ಎಲ್ಲಿ ಬರೆದಿದೆ, ತೋರಿಸಿ" ಅಂತ ಕೇಳಿದರು. ಬರೆದಿಲ್ಲ ಅಂತಾದರೆ ಬಾಗಿಲು ತೆಗೆಸಿದರು. ಬರೆದದ್ದೇ ತಪ್ಪಾಗಿದ್ದರೆ, ಬರೆಯುವ ಜಾಗಕ್ಕೇ ಹೋಗಿ ಕೂತರು. ವಕೀಲರು ಶಾಸನಸಭೆಗೆ ಹೋಗುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನನಗಂತೂ ಗೊತ್ತಿಲ್ಲ.

ಮೊದಲಿಂದ ಹೇಳುತ್ತೇನೆ. ಹುಟ್ಟಿದ್ದು 1927ರ ಡಿಸೆಂಬರ್ 6ರಂದು, ಮಾವಿ ದ್ವೀಪದ ಪಾಯಿಯಾ ಎಂಬ ಊರಿನಲ್ಲಿ. ಕಬ್ಬಿನ ತೋಟಗಳ ಊರು. ಅಜ್ಜ ಅಜ್ಜಿ ಜಪಾನಿನಿಂದ ಬಂದವರು. ಅಪ್ಪ ಸಿವಿಲ್ ಎಂಜಿನಿಯರ್, ತೋಟದ ಕಂಪನಿಯಲ್ಲಿ ಭೂಮಿ ಅಳೆಯುವ ಕೆಲಸ. ಓದಿದ್ದರೂ ಬಡ್ತಿ ಮಾತ್ರ ಬಿಳಿಯರಿಗೆ ಹೋಗುತ್ತಿತ್ತು. ಆಗಿನ ಹವಾಯಿಯಲ್ಲಿ ದುಡ್ಡು, ಅಧಿಕಾರ ಎಲ್ಲ ಐದು ದೊಡ್ಡ ಸಕ್ಕರೆ ಕಂಪನಿಗಳ ಕೈಯಲ್ಲಿತ್ತು. ಕಬ್ಬು ಕಡಿಯುವವರು ಜಪಾನಿನವರು, ಫಿಲಿಪ್ಪೀನಿನವರು, ಚೀನದವರು.

ಪ್ಯಾಟ್ಸಿಗೆ ಹದಿನಾಲ್ಕು ತುಂಬಿದ ಮಾರನೇ ದಿನವೇ ಪರ್ಲ್ ಹಾರ್ಬರ್ ಮೇಲೆ ಜಪಾನ್ ಬಾಂಬು ಹಾಕಿತು. ಅಪ್ಪನನ್ನು ವಿಚಾರಣೆಗೆ ಅಂತ ಕರೆದುಕೊಂಡು ಹೋದರು. ಬಿಟ್ಟು ಕಳಿಸಿದರು, ನಿಜ. ಆದರೆ ಮನೆಗೆ ಬಂದ ಅಪ್ಪ, ಜಪಾನಿನ ನೆನಪಿಗೆ ಅಂತ ಮನೆಯಲ್ಲಿ ಇಟ್ಟುಕೊಂಡಿದ್ದ ಸಾಮಾನುಗಳನ್ನೆಲ್ಲ ಸುಟ್ಟುಹಾಕಿದರು. ಹುಟ್ಟಿದ್ದು ಅಮೆರಿಕದ ನೆಲದಲ್ಲಿ, ಹಿಡಿದದ್ದು ಅಮೆರಿಕದ ಕಂಪನಿಯ ಕೆಲಸ. ಆದರೂ ಅನುಮಾನ ಬಂದರೆ ತೋರಿಸಲು ಕೈಯಲ್ಲಿ ಏನೂ ಇಲ್ಲ ಅನ್ನುವ ಸ್ಥಿತಿ. ಮಗಳು ಅದನ್ನು ನೋಡಿದಳು. ಯುದ್ಧ ನಡೆಯುತ್ತಿರುವಾಗಲೇ ಹೈಸ್ಕೂಲಿನ ವಿದ್ಯಾರ್ಥಿ ಸಂಘದ ಅಧ್ಯಕ್ಷ ಸ್ಥಾನಕ್ಕೆ ನಿಂತಳು, ಗೆದ್ದಳು. 1944ರಲ್ಲಿ ತರಗತಿಗೇ ಮೊದಲಾಗಿ ಪಾಸಾದಳು.

ಮುಂದೆ ಓದಲು ಅಮೆರಿಕದ ಒಳನಾಡಿಗೆ ಹೋದರು. ನೆಬ್ರಾಸ್ಕಾ ವಿಶ್ವವಿದ್ಯಾಲಯದಲ್ಲಿ ಅವರಿಗೆ ಇರಲು ಕೊಟ್ಟ ಕಟ್ಟಡದ ಹೆಸರು ಇಂಟರ್ನ್ಯಾಷನಲ್ ಹೌಸ್. ಹೆಸರೇನೋ ಚೆನ್ನಾಗಿದೆ. ಒಳಗೆ ಹೋಗಿ ನೋಡಿದರೆ ಅಲ್ಲಿರುವವರೆಲ್ಲ ಬಿಳಿಯರಲ್ಲದ ವಿದ್ಯಾರ್ಥಿಗಳು. ಬಿಳಿಯರ ಹಾಸ್ಟೆಲಿಗೆ ಬೇರೆಯವರಿಗೆ ಪ್ರವೇಶವಿಲ್ಲ. ಪ್ಯಾಟ್ಸಿ ಪತ್ರ ಬರೆದರು, ಜನ ಸೇರಿಸಿದರು, ವಿದ್ಯಾರ್ಥಿಗಳ ಅಪ್ಪ ಅಮ್ಮಂದಿರನ್ನೂ ಹಳೆಯ ವಿದ್ಯಾರ್ಥಿಗಳನ್ನೂ ಕೂಡಿಸಿಕೊಂಡರು. ಹಾಸ್ಟೆಲಿಗೆ ಸೇರಲಾಗದವರದ್ದೇ ಒಂದು ವಿದ್ಯಾರ್ಥಿ ಸಂಘ ಇತ್ತು, ಅದಕ್ಕೆ ಇವರೇ ಅಧ್ಯಕ್ಷರಾದರು. ಅದೇ ವರ್ಷ ವಿಶ್ವವಿದ್ಯಾಲಯ ಆ ನಿಯಮ ತೆಗೆದುಹಾಕಿತು. ಆಗ ಅವರಿಗೆ ಇಪ್ಪತ್ತರ ಆಸುಪಾಸು. ಆದರೆ ಆರೋಗ್ಯ ಕೆಟ್ಟಿತು, ಹವಾಯಿಗೆ ವಾಪಸ್ ಬಂದು ಅಲ್ಲೇ ಡಿಗ್ರಿ ಮುಗಿಸಿದರು.

ಅಲ್ಲಿಯವರೆಗೆ ಅವರ ತಲೆಯಲ್ಲಿ ವಕೀಲಿಕೆ ಇರಲೇ ಇಲ್ಲ. ಚಿಕ್ಕಂದಿನಿಂದ ಡಾಕ್ಟರ್ ಆಗಬೇಕು ಅಂತ ಆಸೆ. ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ ಓದಿದ್ದು ಅದಕ್ಕೇ. 1948ರಲ್ಲಿ ಸುಮಾರು ಒಂದು ಡಜನ್ ಮೆಡಿಕಲ್ ಕಾಲೇಜುಗಳಿಗೆ ಅರ್ಜಿ ಹಾಕಿದರು. ಒಂದೂ ಸೇರಿಸಿಕೊಳ್ಳಲಿಲ್ಲ. ಯುದ್ಧದಿಂದ ವಾಪಸ್ ಬಂದ ಸೈನಿಕರಿಂದ ಸೀಟುಗಳು ತುಂಬಿದ್ದವು, ಹೆಂಗಸರನ್ನು ತೆಗೆದುಕೊಳ್ಳುತ್ತಿದ್ದ ಕಾಲೇಜುಗಳೇ ಕಡಿಮೆ.

ಈ ಜಾಗದಲ್ಲಿ ಸ್ವಲ್ಪ ನಿಲ್ಲಿ. ನೆಬ್ರಾಸ್ಕಾದಲ್ಲಿ ಹಾಸ್ಟೆಲಿನ ನಿಯಮ ಅಂತ ಒಂದಿತ್ತು, ಅದನ್ನು ಹಿಡಿದು ಜಗಳ ಆಡಬಹುದಿತ್ತು. ಮೆಡಿಕಲ್ ಕಾಲೇಜು ಹೀಗೆ ಸುಮ್ನೆ ಒಂದು ಪತ್ರ ಕಳಿಸಿ ಆಗಲ್ಲ ಅಂದರೆ ಎಲ್ಲಿ ಹೋಗಿ ಕೇಳುವುದು? ಹೆಂಗಸು ಅನ್ನುವ ಕಾರಣಕ್ಕೆ ಬೇಡ ಅನ್ನಬಾರದು ಅಂತ ಹೇಳುವ ಕಾನೂನೇ ಇರಲಿಲ್ಲ. ಯಾವ ಕೋರ್ಟಿಗೆ ಹೋದರೂ ನಿಲ್ಲುತ್ತಿರಲಿಲ್ಲ. ಈ ನೋವನ್ನು ಅವರು ಇಪ್ಪತ್ತನಾಲ್ಕು ವರ್ಷ ಜೊತೆಯಲ್ಲೇ ಇಟ್ಟುಕೊಂಡಿದ್ದರು. ಮುಂದೆ ಅದರ ಲೆಕ್ಕ ಬರುತ್ತದೆ.

ಒಂದು ಕಡೆ ಸಣ್ಣ ಕೆಲಸದಲ್ಲಿದ್ದಾಗ ಹಿರಿಯರೊಬ್ಬರು ಕಾನೂನು ಓದು ಅಂದರು. ಅರ್ಜಿ ಹಾಕಿದರು, ಷಿಕಾಗೊದಲ್ಲಿ ಸೀಟು ಸಿಕ್ಕಿತು. ಯಾವ ಕೋಟಾದಲ್ಲಿ ಅಂತೀರಿ? ವಿದೇಶಿ ವಿದ್ಯಾರ್ಥಿಗಳ ಕೋಟಾದಲ್ಲಿ! ಹವಾಯಿ 1898ರಿಂದ ಅಮೆರಿಕದ ಕೈಯಲ್ಲೇ ಇತ್ತು, ಪ್ಯಾಟ್ಸಿ ಹುಟ್ಟಿನಿಂದ ಅಮೆರಿಕದ ಪ್ರಜೆ. ಆದರೂ ಪೂರ್ಣ ರಾಜ್ಯವಾಗಿರದ ದ್ವೀಪದಿಂದ ಬಂದ ಜಪಾನಿ ಹೆಸರಿನ ಹುಡುಗಿ ಅವರ ಕಣ್ಣಿಗೆ ವಿದೇಶಿಯಾಗಿ ಕಂಡಳು. ಈ ತಪ್ಪನ್ನು ಅವರು ಆಗ ಎತ್ತಿ ಆಡಲಿಲ್ಲ, ಓದಿಕೊಂಡರು. 1951ರಲ್ಲಿ ಡಿಗ್ರಿ ಪಡೆದರು. ಅದೇ ವರ್ಷದ ಜನವರಿಯಲ್ಲಿ ಜಾನ್ ಮಿಂಕ್ ಅವರನ್ನು ಮದುವೆಯಾದರು. ಜಾನ್ ನೀರು, ಭೂಮಿಯ ವಿಜ್ಞಾನ ಓದುತ್ತಿದ್ದವರು. ಮುಂದೆ ಹೆಂಡತಿಯ ಚುನಾವಣಾ ಪ್ರಚಾರವನ್ನು ನಡೆಸಿದ್ದೂ ಅವರೇ. 1952ರಲ್ಲಿ ಮಗಳು ಗ್ವೆಂಡೊಲಿನ್ ಹುಟ್ಟಿದಳು, ಮನೆಯಲ್ಲಿ ವೆಂಡಿ. ಷಿಕಾಗೊದಲ್ಲಿ ಕಾನೂನು ಡಿಗ್ರಿ ಹಿಡಿದುಕೊಂಡು ಪ್ಯಾಟ್ಸಿ ಮಾಡಿದ್ದು ತಾವು ಓದಿದ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ. ಆಮೇಲೆ ಮೂವರೂ ಹವಾಯಿಗೆ ಹೊರಟು ಬಂದರು.

ಅಲ್ಲಿ ನಡೆದದ್ದನ್ನು ಕಾನೂನು ವಿದ್ಯಾರ್ಥಿಗಳು ಗಮನಿಸಬೇಕು. ವಕೀಲಿಕೆಗೆ ಬಾರ್ ಪರೀಕ್ಷೆ ಬರೆಯಬೇಕು. ಬರೆಯಲು ಹವಾಯಿಯ ನಿವಾಸಿಯಾಗಿರಬೇಕು. ಪ್ಯಾಟ್ಸಿ ಅರ್ಜಿ ಹಾಕಿದರೆ ಸಿಕ್ಕ ಉತ್ತರ: ನೀವು ಹವಾಯಿಯ ನಿವಾಸಿ ಅಲ್ಲ. ಮಾವಿಯಲ್ಲಿ ಹುಟ್ಟಿ ಬೆಳೆದವರಿಗೆ ಈ ಮಾತು! ಯಾಕೆಂದರೆ ಮದುವೆಯಾದ ಹೆಂಗಸಿನ ಊರು ಗಂಡನ ಊರೇ ಅಂತ ಆಗಿನ ಕಾನೂನು ಹೇಳುತ್ತಿತ್ತು. ಜಾನ್ ಪೆನ್ಸಿಲ್ವೇನಿಯಾದವರು. ಹಾಗಾಗಿ ಪ್ಯಾಟ್ಸಿಯೂ ಪೆನ್ಸಿಲ್ವೇನಿಯಾದವರು.

ಅವರ ವಕೀಲಿಕೆಯ ಮೊದಲ ಕೇಸು ಇದೇ ಅಂತ ನಾನು ಹೇಳುತ್ತೇನೆ. ಸನ್ನದು ಸಿಗುವ ಮೊದಲೇ ತಮ್ಮ ಪರವಾಗಿ ತಾವೇ ವಾದ ಹೂಡಿದರು. ನಾವಿಬ್ಬರೂ ಪೆನ್ಸಿಲ್ವೇನಿಯಾದಲ್ಲಿ ಸಂಸಾರ ಹೂಡಿದ್ದೇ ಇಲ್ಲ, ಮತ್ತೆ ನನ್ನ ಊರು ಅದು ಹೇಗಾಯಿತು ಅನ್ನುವುದು ಅವರ ತಕರಾರು. ಹವಾಯಿಯ ಅಟಾರ್ನಿ ಜನರಲ್ ಇವರ ಮಾತನ್ನು ಒಪ್ಪಿದರು. 1953ರಲ್ಲಿ ಪರೀಕ್ಷೆ ಪಾಸು ಮಾಡಿ, ಹವಾಯಿಯಲ್ಲಿ ವಕೀಲಿಕೆ ಮಾಡಿದ ಮೊದಲ ಜಪಾನಿ ಮೂಲದ ಮಹಿಳೆ ಆದರು. ಗಮನಿಸಿ, ಹೆಂಡತಿಗೆ ಸ್ವಂತ ಊರಿಲ್ಲ ಅನ್ನುವ ಕಾನೂನೇ ತಪ್ಪು ಅಂತ ಹೇಳಿಸಿಕೊಳ್ಳಲು ಆ ಅರ್ಜಿಯಲ್ಲಿ ಜಾಗ ಇರಲಿಲ್ಲ. ತನ್ನ ಸಂಗತಿಗೆ ಆ ಕಾನೂನು ಅನ್ವಯಿಸಲ್ಲ ಅಂತಷ್ಟೇ ಗೆದ್ದರು. ಒಳ್ಳೆಯ ವಕೀಲರು ಹೀಗೇ ಮಾಡುತ್ತಾರೆ. ಆದರೆ ನಾಳೆ ಬರುವ ಇನ್ನೊಬ್ಬ ಹೆಂಗಸಿಗೆ ಅದು ಹಾಗೇ ಕಾದು ಕೂತಿರುತ್ತದೆ. ಕೋರ್ಟಿಗೂ ಶಾಸನಸಭೆಗೂ ಇರುವ ದೂರ ಇಲ್ಲೇ ಕಾಣುತ್ತದೆ.

1954ರಲ್ಲಿ ಹವಾಯಿಯ ರಾಜಕೀಯ ತಲೆಕೆಳಗಾಯಿತು. ಸಕ್ಕರೆ ಕಂಪನಿಗಳ ಬೆಂಬಲದಲ್ಲಿದ್ದ ರಿಪಬ್ಲಿಕನ್ನರು ಸೋತು ಡೆಮಾಕ್ರಾಟರು ಗೆದ್ದರು. ಕಬ್ಬಿನ ತೋಟದ ಕೂಲಿಗಳ ಮಕ್ಕಳು, ಯುದ್ಧಕ್ಕೆ ಹೋಗಿ ಬಂದವರು ಸಭೆಯಲ್ಲಿ ಕೂತರು. ಪ್ಯಾಟ್ಸಿ ಓವಾಹು ದ್ವೀಪದಲ್ಲಿ ಯುವ ಡೆಮಾಕ್ರಾಟರ ಸಂಘ ಕಟ್ಟಿದರು. 1956ರಲ್ಲಿ ಕೆಳಮನೆ, 1958ರಲ್ಲಿ ಮೇಲ್ಮನೆ. ಸಮಾನ ಕೆಲಸಕ್ಕೆ ಸಮಾನ ಸಂಬಳ ಅನ್ನುವ ಕಾಯ್ದೆಗೆ ದುಡಿದರು. 1959ರಲ್ಲಿ ಹವಾಯಿ ಪೂರ್ಣ ರಾಜ್ಯವಾದಾಗ ಕಾಂಗ್ರೆಸ್ಸಿಗೆ ನಿಂತರು, ಪಕ್ಷದೊಳಗಿನ ಚುನಾವಣೆಯಲ್ಲೇ ಡೇನಿಯಲ್ ಇನೊಯೆ ಎದುರು ಸೋತರು. 1964ರಲ್ಲಿ ಮತ್ತೆ ನಿಂತರು. ಪಕ್ಷದ ದೊಡ್ಡವರು ಕೈ ಹಿಡಿಯಲಿಲ್ಲ. ಗಂಡ ಮತ್ತು ಊರಿನ ಸ್ವಯಂಸೇವಕರೇ ಪ್ರಚಾರ ಮಾಡಿದರು, ಗೆದ್ದರು.

1965ರ ಜನವರಿಯಲ್ಲಿ ವಾಷಿಂಗ್ಟನ್ ಸೇರಿದರು. ಶಿಕ್ಷಣ ಮತ್ತು ಕಾರ್ಮಿಕರ ಸಮಿತಿ ಸಿಕ್ಕಿತು. ತಾಯಂದಿರು ಕೆಲಸಕ್ಕೆ ಹೋಗುವಾಗ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರಗಳಿಗೆ ದೇಶದ ಉದ್ದಗಲ ಸರ್ಕಾರವೇ ದುಡ್ಡು ಕೊಡಬೇಕು ಅನ್ನುವ ಮಸೂದೆಗೆ ವರ್ಷಗಟ್ಟಲೆ ಕೆಲಸ ಮಾಡಿದರು. 1971ರಲ್ಲಿ ಎರಡೂ ಮನೆಗಳಲ್ಲಿ ಪಾಸಾಯಿತು. ಅಧ್ಯಕ್ಷ ನಿಕ್ಸನ್ ಸಹಿ ಹಾಕದೆ ವಾಪಸ್ ಕಳಿಸಿದರು. ಇವತ್ತಿಗೂ ಅಮೆರಿಕದ ತಾಯಂದಿರು ಡೇಕೇರ್ ಫೀಸಿಗೆ ಒದ್ದಾಡುವುದನ್ನು ಅಲ್ಲಿರುವ ನಮ್ಮ ಹುಡುಗಿಯರ ಬಾಯಿಂದ ಕೇಳಿದಾಗೆಲ್ಲ ನನಗೆ ಆ ಮಸೂದೆ ನೆನಪಾಗುತ್ತದೆ.

1970ರಲ್ಲಿ ಇನ್ನೊಂದು ಘಟನೆ. ನಿಕ್ಸನ್ ಅವರು ಹ್ಯಾರೊಲ್ಡ್ ಕಾರ್ಸ್‌ವೆಲ್ ಎಂಬ ನ್ಯಾಯಾಧೀಶರನ್ನು ಸುಪ್ರೀಂ ಕೋರ್ಟಿಗೆ ಹೆಸರಿಸಿದರು. ಜನಾಂಗದ ವಿಷಯದಲ್ಲಿ ಅವರ ಹಳೆಯ ಮಾತುಗಳ ಬಗ್ಗೆ ಗಲಾಟೆ ಶುರುವಾಗಿತ್ತು. ಪ್ಯಾಟ್ಸಿ ಸೆನೆಟ್, ಅಂದರೆ ಕಾಂಗ್ರೆಸ್ಸಿನ ಮೇಲ್ಮನೆ, ಅದರ ಸಮಿತಿಯ ಮುಂದೆ ಹೋಗಿ ಬೇರೆಯದೇ ಫೈಲು ಬಿಚ್ಚಿದರು. ಐಡಾ ಫಿಲಿಪ್ಸ್ ಎಂಬ ತಾಯಿಯ ಕೇಸು. ಶಾಲೆಗೆ ಹೋಗದಷ್ಟು ಚಿಕ್ಕ ಮಕ್ಕಳಿರುವ ಹೆಂಗಸರಿಗೆ ಕೆಲಸ ಇಲ್ಲ ಅಂತ ಒಂದು ಕಂಪನಿ ಹೇಳಿತ್ತು, ಅಂಥದೇ ಮಕ್ಕಳಿರುವ ಗಂಡಸರಿಗೆ ಮಾತ್ರ ಕೆಲಸ ಇತ್ತು. ಆ ಕೇಸನ್ನು ಮತ್ತೆ ವಿಚಾರಣೆಗೆ ತೆಗೆದುಕೊಳ್ಳುವುದು ಬೇಡ ಅಂದ ನ್ಯಾಯಾಧೀಶರಲ್ಲಿ ಕಾರ್ಸ್‌ವೆಲ್ ಒಬ್ಬರು. ಈ ನೇಮಕ ದೇಶದ ಹೆಂಗಸರಿಗೆ ಅವಮಾನ ಅಂತ ಪ್ಯಾಟ್ಸಿ ನೇರವಾಗಿ ಹೇಳಿದರು. ಹೊನೊಲುಲುವಿನ ಲಾ ಫರ್ಮ್‌ಗಳು 1953ರಲ್ಲಿ ಅವರಿಗೆ ಹೇಳಿದ್ದೂ ಆ ಕಂಪನಿಯ ಮಾತನ್ನೇ, ಅಲ್ವಾ? ಆ ವರ್ಷದ ಏಪ್ರಿಲ್‌ನಲ್ಲಿ ಸೆನೆಟ್ 51–45 ಮತಗಳಿಂದ ಕಾರ್ಸ್‌ವೆಲ್ ಹೆಸರನ್ನು ತಳ್ಳಿಹಾಕಿತು.

ಈಗ ಆ ಇಪ್ಪತ್ತನಾಲ್ಕು ವರ್ಷದ ಲೆಕ್ಕಕ್ಕೆ ಬರುತ್ತೇನೆ.

1964ರ ನಾಗರಿಕ ಹಕ್ಕುಗಳ ಕಾಯ್ದೆಯಲ್ಲಿ ಒಂದು ಭಾಗ ಇದೆ, ಆರನೆಯದು. ಕೇಂದ್ರ ಸರ್ಕಾರದ ದುಡ್ಡು ಪಡೆಯುವ ಯಾರೂ ಬಣ್ಣ, ಜನಾಂಗ ನೋಡಿ ಭೇದ ಮಾಡಬಾರದು ಅನ್ನುತ್ತದೆ. ಅದರಲ್ಲಿ ಲಿಂಗ ಅನ್ನುವ ಪದ ಇಲ್ಲ. ಕೆಲಸದ ವಿಷಯದ ಏಳನೆಯ ಭಾಗದಲ್ಲಿ ಲಿಂಗ ಇದೆ, ಆದರೆ ಶಾಲಾ ಕಾಲೇಜಿನ ಮೇಷ್ಟರುಗಳನ್ನು ಆಗ ಅದರಿಂದ ಹೊರಗೆ ಇಟ್ಟಿದ್ದರು. ಎರಡು ಬೇಲಿಗಳ ನಡುವೆ ಒಂದು ಕಂಡಿ. ಮೆಡಿಕಲ್ ಕಾಲೇಜುಗಳು, ಲಾ ಕಾಲೇಜುಗಳು ಆ ಕಂಡಿಯಲ್ಲಿ ಆರಾಮಾಗಿ ಕೂತಿದ್ದವು. 1970ರಲ್ಲಿ ಒರೆಗಾನ್‌ನ ಈಡಿತ್ ಗ್ರೀನ್, ಪ್ರತಿನಿಧಿ ಸಭೆಯ (ಕೆಳಮನೆಯ) ಸದಸ್ಯೆ, ತಮ್ಮ ಉಪಸಮಿತಿಯಲ್ಲಿ ಇದರ ಬಗ್ಗೆ ದಿನಗಟ್ಟಲೆ ಸಾಕ್ಷಿ ಕೇಳಿಸಿದರು. ಪ್ಯಾಟ್ಸಿ ಅವರ ಜೊತೆ ನಿಂತರು. ಸೆನೆಟ್‌ನಲ್ಲಿ ಇಂಡಿಯಾನಾದ ಬರ್ಚ್ ಬೈ ಈ ಕೆಲಸ ಹೊತ್ತುಕೊಂಡರು. 1972ರ ಜೂನ್ 23ರಂದು ಶಿಕ್ಷಣ ತಿದ್ದುಪಡಿ ಕಾಯ್ದೆಗೆ ನಿಕ್ಸನ್ ಸಹಿ ಹಾಕಿದರು. ಅದರ ಒಂಬತ್ತನೆಯ ಭಾಗವೇ ಟೈಟಲ್ ನೈನ್.

ಅದರ ಮುಖ್ಯ ವಾಕ್ಯ ಇಂಗ್ಲಿಷಿನಲ್ಲಿ ಬರೀ 37 ಪದ. ಸಾರಾಂಶ ಇಷ್ಟು: ಕೇಂದ್ರದ ಹಣ ಪಡೆಯುವ ಯಾವ ಶಿಕ್ಷಣದ ಕೆಲಸದಿಂದಲೂ ಲಿಂಗದ ಕಾರಣಕ್ಕೆ ಯಾರನ್ನೂ ಹೊರಗಿಡುವಂತಿಲ್ಲ, ಅದರ ಪ್ರಯೋಜನ ತಪ್ಪಿಸುವಂತಿಲ್ಲ, ಅಲ್ಲಿ ಭೇದ ಮಾಡುವಂತಿಲ್ಲ. ಕರಡು ಬರೆಯುವುದನ್ನು ಕಲಿಯುತ್ತಿರುವವರು ಇದನ್ನು ಬಾಯಿಪಾಠ ಮಾಡಬೇಕು. ಆರನೆಯ ಭಾಗದ ಅಚ್ಚಿನಲ್ಲೇ ಎರಕ ಹೊಯ್ದಿದ್ದಾರೆ. ಸರ್ಕಾರ ಯಾವ ಕಾಲೇಜಿಗೂ ಹೋಗಿ ಹೀಗೆ ಮಾಡು ಅಂತ ಹೇಳಬೇಕಿಲ್ಲ. ನಮ್ಮ ದುಡ್ಡು ಬೇಕಾ, ಹಾಗಾದರೆ ಈ ಷರತ್ತು ಒಪ್ಪಿಕೋ ಅಂದರೆ ಸಾಕು. ಸಂಶೋಧನೆಗೆ, ಸ್ಕಾಲರ್‌ಶಿಪ್ಪಿಗೆ ಕೇಂದ್ರದ ದುಡ್ಡು ಮುಟ್ಟದ ಕಾಲೇಜು ಅಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಕ್ರೀಡೆ ಅನ್ನುವ ಪದವೇ ಅದರಲ್ಲಿಲ್ಲ. ಆದರೆ ಶಾಲೆಯ ಆಟದ ಮೈದಾನವೂ ಶಿಕ್ಷಣದ ಭಾಗವೇ ತಾನೇ? ಅದು ಗೊತ್ತಾಗುತ್ತಿದ್ದ ಹಾಗೆ ವಿರೋಧ ಎದ್ದಿತು. 1975ರಲ್ಲಿ ಸರ್ಕಾರ ನಿಯಮಾವಳಿ ತಂದಾಗ, ದೈಹಿಕ ಶಿಕ್ಷಣದ ತರಗತಿಗಳನ್ನೂ ಇನ್ನು ಕೆಲವನ್ನೂ ಇದರಿಂದ ಹೊರಗಿಡಬೇಕು ಅಂತ ಪ್ರತಿನಿಧಿ ಸಭೆಯಲ್ಲಿ ಒಂದು ತಿದ್ದುಪಡಿ ಬಂತು. ಸೆನೆಟ್ ಅದನ್ನು ತೆಗೆದುಹಾಕಿತು, ಮತ್ತೆ ಪ್ರತಿನಿಧಿ ಸಭೆಗೆ ಬಂತು. ಜುಲೈ 16ರಂದು ಮತ. ಕಾಯ್ದೆಯನ್ನು ಉಳಿಸಿಕೊಳ್ಳುವ ಕಡೆಯ ಮುಂದಾಳು ಪ್ಯಾಟ್ಸಿ.

ಮತಕ್ಕೆ ಹಾಕುವ ಹೊತ್ತು. ಪ್ಯಾಟ್ಸಿಗೆ ಸುದ್ದಿ ಬಂತು. ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿ ಮಗಳು ವೆಂಡಿಗೆ ಕಾರು ಅಪಘಾತವಾಗಿದೆ, ಸ್ಥಿತಿ ಗಂಭೀರವಾಗಿದೆ. ಅವರು ಸಭೆಯಿಂದ ಎದ್ದು ಓಡಿದರು. ತಾಯಿ ಇನ್ನೇನು ಮಾಡಬೇಕು? ಹಿಂದೆ ಮತ ಎಣಿಸಿದರು. 212–211. ಒಂದೇ ಒಂದು ಮತದಲ್ಲಿ ಅವರ ಕಡೆ ಸೋತಿತು.

ಮತಗಳ ಲೆಕ್ಕ ಹಾಕುವ ನಮಗೆ ಅದು ಬರೀ ಅಂಕಿ. ಆ ರಾತ್ರಿ ಆಸ್ಪತ್ರೆಯಲ್ಲಿ ಮಗಳ ಪಕ್ಕ ಕೂತವರಿಗೆ ಅದು ಹೇಗಿದ್ದಿರಬೇಕು ಅಂತ ಯೋಚಿಸಿ. ಮಾರನೇ ದಿನ ಸ್ಪೀಕರ್ ಕಾರ್ಲ್ ಆಲ್ಬರ್ಟ್ ಸಭೆಗೆ ನಡೆದದ್ದನ್ನು ಹೇಳಿದರು. ಮತ್ತೆ ಮತ ಹಾಕಲು ಸಭೆ ಒಪ್ಪಿತು. ಈ ಸಲ 215–178. ಕಾಯ್ದೆ ಉಳಿಯಿತು, ಮಗಳೂ ಚೇತರಿಸಿಕೊಂಡಳು. ಸಂಸತ್ತು ಅಂದರೆ ಬರೀ ಕೂಗಾಟ ಅಂತ ಬೇಜಾರಾದಾಗೆಲ್ಲ ನಾನು ಆ ಎರಡನೇ ದಿನವನ್ನು ನೆನೆಯುತ್ತೇನೆ. ಎದುರು ಕಡೆಯವರಲ್ಲೂ ಕೆಲವರಿಗೆ, ಈ ರೀತಿ ಗೆದ್ದದ್ದು ಗೆಲುವಲ್ಲ ಅನ್ನಿಸಿರಬೇಕು.

ಈ ಕಾಯ್ದೆ ಮಾಡಿದ್ದೇನು? 1972ರಲ್ಲಿ ಅಮೆರಿಕದಲ್ಲಿ ಮೆಡಿಕಲ್ ಡಿಗ್ರಿ ಪಡೆದವರಲ್ಲಿ ಹೆಂಗಸರು ನೂರಕ್ಕೆ 9, ಕಾನೂನಿನಲ್ಲಿ ನೂರಕ್ಕೆ 7. 2019ರ ಹೊತ್ತಿಗೆ ಮೆಡಿಕಲ್ ಕಾಲೇಜುಗಳಲ್ಲಿ ಓದುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಂಗಸರೇ. ಹೈಸ್ಕೂಲಿನಲ್ಲಿ ಆಟಕ್ಕಿಳಿದ ಹುಡುಗಿಯರು ಆಗ 3 ಲಕ್ಷಕ್ಕಿಂತ ಕಡಿಮೆ, ಈಗ 30 ಲಕ್ಷಕ್ಕೂ ಜಾಸ್ತಿ. ಎಲ್ಲ ಒಂದೇ ಕಾಯ್ದೆಯಿಂದ ಆಯಿತು ಅಂತ ನಾನು ಹೇಳಲ್ಲ, ಕಾಲವೂ ಬದಲಾಯಿತು. ಆದರೆ 1948ರಲ್ಲಿ ಕೇಳಲು ಆಗದೇ ಇದ್ದ ಪ್ರಶ್ನೆಯನ್ನು 1972ರ ನಂತರ ಯಾವ ಹುಡುಗಿ ಬೇಕಾದರೂ ಕೇಳಬಹುದಾಯಿತು.

ಇನ್ನೊಂದು ಕೇಸು ಹೇಳಲೇಬೇಕು. ಇದರಲ್ಲಿ ಅವರ ಹೆಸರೇ ಇದೆ, ನಿಮ್ಮ ಲೈಬ್ರರಿಯಲ್ಲೇ ಸಿಗಬಹುದು: ಇಪಿಎ ವರ್ಸಸ್ ಮಿಂಕ್, 1973. ಇಪಿಎ ಅಂದರೆ ಅಮೆರಿಕ ಸರ್ಕಾರದ ಪರಿಸರ ಸಂರಕ್ಷಣಾ ಸಂಸ್ಥೆ. ಅಲಾಸ್ಕಾದ ಆಮ್ಚಿಟ್ಕಾ ದ್ವೀಪದಲ್ಲಿ ನೆಲದಡಿ ದೊಡ್ಡ ಅಣುಬಾಂಬು ಸಿಡಿಸಿ ಪರೀಕ್ಷೆ ಮಾಡಲು ಸರ್ಕಾರ ಹೊರಟಿತ್ತು. ಸುಮಾರು 5 ಮೆಗಾಟನ್. ಭೂಕಂಪ ಆದರೆ, ಸುನಾಮಿ ಎದ್ದರೆ ಪೆಸಿಫಿಕ್ಕಿನ ದ್ವೀಪದವರ ಗತಿ ಏನು? ಸರ್ಕಾರದ ಇಲಾಖೆಗಳೇ ಈ ಬಗ್ಗೆ ಅಧ್ಯಕ್ಷರಿಗೆ ವರದಿ ಕೊಟ್ಟಿದ್ದವು, ಅವುಗಳಲ್ಲಿ ಒಮ್ಮತ ಇಲ್ಲ ಅಂತ ಪತ್ರಿಕೆಯಲ್ಲಿ ಬಂತು. ಆ ವರದಿ ಕೊಡಿ ಅಂತ ಪ್ಯಾಟ್ಸಿ ಕೇಳಿದರು, ಸರ್ಕಾರ ಕೊಡಲಿಲ್ಲ. ಅವರು ಮತ್ತು ಇನ್ನೂ 32 ಸದಸ್ಯರು ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಕೋರ್ಟಿಗೆ ಹೋದರು. ಅಷ್ಟರಲ್ಲಿ, 1971ರ ನವೆಂಬರ್ 6ರಂದು, ಬಾಂಬು ಸಿಡಿದೇ ಹೋಯಿತು.

ಕೇಸು ಮಾತ್ರ ಬಿಡಲಿಲ್ಲ. 1973ರ ಜನವರಿ 22ರಂದು ಸುಪ್ರೀಂ ಕೋರ್ಟು ಇವರ ವಿರುದ್ಧ ತೀರ್ಪು ಕೊಟ್ಟಿತು. ಕಡತದ ಮೇಲೆ ರಹಸ್ಯ ಅಂತ ಮೊಹರು ಬಿದ್ದಿದ್ದರೆ, ಅದು ನಿಜವಾಗಿ ರಹಸ್ಯವೇ ಅಂತ ಒಳಗೆ ಬಿಚ್ಚಿ ನೋಡುವ ಅಧಿಕಾರ ಆಗಿನ ಕಾಯ್ದೆಯಡಿ ನ್ಯಾಯಾಧೀಶರಿಗೂ ಇಲ್ಲ ಅಂದಿತು. ವಕೀಲೆ ಸೋತರು. ಆದರೆ ಅವರು ಶಾಸಕಿಯೂ ಹೌದಲ್ಲ! ಆ ತೀರ್ಪೇ ಕಾಯ್ದೆ ಎಲ್ಲಿ ಸೋರುತ್ತಿದೆ ಅಂತ ಬೆರಳಿಟ್ಟು ತೋರಿಸಿತ್ತು. 1974ರಲ್ಲಿ ಕಾಂಗ್ರೆಸ್ ತಿದ್ದುಪಡಿ ತಂದಿತು. ಕಡತವನ್ನು ನ್ಯಾಯಾಧೀಶರು ಖಾಸಗಿಯಾಗಿ ನೋಡಬಹುದು, ಬೇರ್ಪಡಿಸಿ ಕೊಡಬಹುದಾದ ಭಾಗವನ್ನು ಕೊಡಲೇಬೇಕು. ಅಧ್ಯಕ್ಷ ಫೋರ್ಡ್ ಒಪ್ಪಲಿಲ್ಲ, ಎರಡೂ ಮನೆಗಳು ಅವರ ನಿರಾಕರಣೆಯನ್ನೇ ಮೀರಿ ಪಾಸು ಮಾಡಿದವು. ನಮ್ಮ 2005ರ ಮಾಹಿತಿ ಹಕ್ಕು ಕಾಯ್ದೆಯ ಹತ್ತನೇ ಸೆಕ್ಷನ್ ತೆಗೆದು ನೋಡಿ. ಬೇರ್ಪಡಿಸಿ ಕೊಡುವ ವಿಚಾರ ಅಲ್ಲೂ ಇದೆ. ಇಡೀ ಫೈಲು ಕೊಡಲ್ಲ ಅಂತ ಯಾವುದೋ ಇಲಾಖೆ ಹಿಂಬರಹ ಕೊಟ್ಟಾಗ ನಾವು ಮೊದಲು ಹಿಡಿಯುವುದು ಆ ಸೆಕ್ಷನ್ನನ್ನೇ.

ಇಷ್ಟೆಲ್ಲ ಮಾಡುವವರಿಗೆ ಊರಲ್ಲಿ ಬೈಗುಳ ತಪ್ಪಲಿಲ್ಲ. ವಿಯೆಟ್ನಾಂ ಯುದ್ಧ ಬೇಡ ಅಂತ ಅವರು ಶುರುವಿನಲ್ಲೇ ಹೇಳಿದರು. ಹವಾಯಿಯ ಆದಾಯದಲ್ಲಿ ದೊಡ್ಡ ಪಾಲು ಸೇನಾನೆಲೆಗಳದು, ಹಾಗಾಗಿ ಇದು ಸುಲಭದ ಮಾತಾಗಿರಲಿಲ್ಲ. ಕಮ್ಯುನಿಸ್ಟ್ ಅನ್ನುವ ಅರ್ಥ ಬರುವ ಹಾಗೆ ಪ್ಯಾಟ್ಸಿ ಪಿಂಕ್ ಅಂತ ಕರೆದರು. 1972ರಲ್ಲಿ ಒರೆಗಾನ್‌ನ ಯುದ್ಧವಿರೋಧಿಗಳು ಕೇಳಿಕೊಂಡಾಗ ಅಧ್ಯಕ್ಷ ಸ್ಥಾನದ ಪ್ರಾಥಮಿಕ ಚುನಾವಣೆಗೂ ನಿಂತರು. ನೂರಕ್ಕೆ ಎರಡು ಮತ ಬಂತು. ಗೆಲ್ಲುವುದಕ್ಕೆ ನಿಂತದ್ದಲ್ಲ ಅದು, ಯುದ್ಧದ ವಿರುದ್ಧ ಮಾತಾಡಲು ಒಂದು ವೇದಿಕೆ ಬೇಕಿತ್ತು.

1976ರಲ್ಲಿ ಸೆನೆಟ್‌ಗೆ ಪ್ರಯತ್ನಿಸಿ ಪಕ್ಷದೊಳಗೇ ಸ್ಪಾರ್ಕ್ ಮಾತ್ಸುನಾಗಾ ಎದುರು ಸೋತರು. ಕಾಂಗ್ರೆಸ್ ಸೀಟೂ ಹೋಯಿತು. ಅದೇ ವರ್ಷ ಅವರಿಗೆ ಇನ್ನೊಂದು ಸುದ್ದಿ ತಿಳಿಯಿತು. ಇದನ್ನು ಹೇಳುವಾಗ ಇವತ್ತಿಗೂ ನನ್ನ ಗಂಟಲು ಕಟ್ಟುತ್ತದೆ. 1951ರಲ್ಲಿ ಬಸುರಿಯಾಗಿದ್ದಾಗ ಷಿಕಾಗೊ ವಿಶ್ವವಿದ್ಯಾಲಯದ ಆಸ್ಪತ್ರೆಗೆ ತೋರಿಸಿಕೊಳ್ಳಲು ಹೋಗುತ್ತಿದ್ದರು. ಅಲ್ಲಿ ಕೊಟ್ಟ ಮಾತ್ರೆ ಡಿಇಎಸ್ ಎಂಬ ಔಷಧ. ಸಾವಿರಕ್ಕೂ ಜಾಸ್ತಿ ಬಸುರಿಯರ ಮೇಲೆ ಪ್ರಯೋಗ ನಡೆದಿತ್ತು, ಪ್ರಯೋಗ ಅಂತ ಅವರಿಗೆ ಹೇಳಿರಲಿಲ್ಲ. ಆ ಔಷಧ ತೆಗೆದುಕೊಂಡ ತಾಯಂದಿರ ಹೆಣ್ಣುಮಕ್ಕಳಲ್ಲಿ ಅಪರೂಪದ ಒಂದು ಕ್ಯಾನ್ಸರ್ ಬರಬಹುದು ಅಂತ 1971ರಲ್ಲಿ ಗೊತ್ತಾಗಿತ್ತು. ಅಂದರೆ ಅಪಾಯ ಇದ್ದದ್ದು ವೆಂಡಿಗೆ.

ಪ್ಯಾಟ್ಸಿ ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಿದರು. ತಮಗೊಬ್ಬರಿಗೇ ಅಂತ ಹೋಗಲಿಲ್ಲ, ಇನ್ನಿಬ್ಬರು ತಾಯಂದಿರ ಜೊತೆ ಸೇರಿ ಆ ಎಲ್ಲ ಹೆಂಗಸರ ಪರವಾಗಿ ದಾವೆ ಹೂಡಿದರು. ಒಪ್ಪಿಗೆ ಇಲ್ಲದೆ, ಏನು ಅಂತ ಹೇಳದೆ ಔಷಧ ಕೊಡುವುದು ಮೈಮೇಲೆ ಕೈ ಮಾಡಿದ ಹಾಗೇ ಅನ್ನುವ ವಾದವನ್ನು 1978ರಲ್ಲಿ ಷಿಕಾಗೊದ ಫೆಡರಲ್ ಕೋರ್ಟು ವಿಚಾರಣೆಗೆ ತೆಗೆದುಕೊಂಡಿತು. ಕೊನೆಗೆ ರಾಜಿಯಲ್ಲಿ ಮುಗಿಯಿತು. ರೋಗಿಯ ಒಪ್ಪಿಗೆಯ ಬಗ್ಗೆ ಓದುವಾಗ ಆ ಕೇಸಿನಲ್ಲೂ ಇದೇ ಮಿಂಕ್ ಹೆಸರು ನಿಮಗೆ ಸಿಗುತ್ತದೆ.

ನಂತರದ ವರ್ಷಗಳನ್ನು ಬೇಗ ಹೇಳಿಬಿಡುತ್ತೇನೆ. ಕಾರ್ಟರ್ ಸರ್ಕಾರದಲ್ಲಿ ಸಾಗರ, ಪರಿಸರ ವಿಷಯದ ಸಹಾಯಕ ಕಾರ್ಯದರ್ಶಿ ಆಗಿದ್ದರು. ಆಮೇಲೆ ಹೊನೊಲುಲು ನಗರಸಭೆಗೆ ಆಯ್ಕೆಯಾದರು. ದೇಶದ ಸಂಸತ್ತಿನಲ್ಲಿ ಕೂತು ಬಂದವರು ನಗರಸಭೆಗೆ ನಿಲ್ಲುವುದು ಅಂದರೆ ಕೆಲವರಿಗೆ ಮಾನ ಹೋದ ಹಾಗೆ. ಅವರಿಗೆ ಹಾಗೆ ಅನ್ನಿಸಲಿಲ್ಲ. ಗವರ್ನರ್ ಸ್ಥಾನಕ್ಕೆ, ಮೇಯರ್ ಸ್ಥಾನಕ್ಕೆ ನಿಂತರು, ಎರಡರಲ್ಲೂ ಸೋತರು. 1990ರಲ್ಲಿ ಹವಾಯಿಯ ಸೀಟೊಂದು ಖಾಲಿಯಾದಾಗ ಉಪಚುನಾವಣೆಯಲ್ಲಿ ಗೆದ್ದು, ಹದಿನಾಲ್ಕು ವರ್ಷದ ಮೇಲೆ ವಾಷಿಂಗ್ಟನ್ನಿಗೆ ಮರಳಿದರು. 1991ರಲ್ಲಿ, ಸುಪ್ರೀಂ ಕೋರ್ಟಿಗೆ ಹೆಸರಿಸಿದ್ದ ಕ್ಲಾರೆನ್ಸ್ ಥಾಮಸ್ ಮೇಲೆ ಅನಿತಾ ಹಿಲ್ ಮಾಡಿದ ಲೈಂಗಿಕ ಕಿರುಕುಳದ ಆರೋಪವನ್ನು ಸರಿಯಾಗಿ ಕೇಳಿ ಅಂತ ಪ್ರತಿನಿಧಿ ಸಭೆಯ ಏಳು ಮಹಿಳೆಯರು ಸೆನೆಟ್ ಮೆಟ್ಟಿಲು ಹತ್ತುತ್ತಿರುವ ಫೋಟೊ ನೀವು ನೋಡಿರಬಹುದು. ಅವರಲ್ಲಿ ಪ್ಯಾಟ್ಸಿಯೂ ಇದ್ದಾರೆ. 1996ರಲ್ಲಿ ಬಡ ತಾಯಂದಿರಿಗೆ ಸಿಗುತ್ತಿದ್ದ ನೆರವನ್ನು ಕಡಿಯುವ ಕಾಯ್ದೆ ಬಂದಾಗ, ತಮ್ಮದೇ ಪಕ್ಷದ ಅಧ್ಯಕ್ಷ ಕ್ಲಿಂಟನ್ ಅದಕ್ಕೆ ಸಹಿ ಹಾಕಿದರೂ, ಇವರು ವಿರೋಧವಾಗಿಯೇ ನಿಂತರು. ಆ ಸಲವೂ ಸೋತರು.

2002ರ ಆಗಸ್ಟ್ ಕೊನೆಯಲ್ಲಿ ಸೀತಾಳೆ (ಚಿಕನ್ ಪಾಕ್ಸ್) ಎದ್ದು, ಅದರಿಂದ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದರು. ಆಸ್ಪತ್ರೆಯಲ್ಲಿರುವಾಗಲೇ ಪಕ್ಷದ ಪ್ರಾಥಮಿಕ ಚುನಾವಣೆ ಗೆದ್ದರು. ಒಂದು ವಾರದ ನಂತರ, ಸೆಪ್ಟೆಂಬರ್ 28ರಂದು, ತೀರಿಕೊಂಡರು. 74 ವರ್ಷ. ಟೈಟಲ್ ನೈನ್‌ಗೆ ಕಾಂಗ್ರೆಸ್ ಅವರ ಹೆಸರನ್ನೇ ಇಟ್ಟಿತು.

ಅಷ್ಟು ಹೊತ್ತಿಗೆ ಮತಪತ್ರದಿಂದ ಹೆಸರು ತೆಗೆಯುವ ಗಡುವು ಮುಗಿದಿತ್ತು. ನವೆಂಬರ್‌ನಲ್ಲಿ ಹವಾಯಿಯ ಜನ ಮತಗಟ್ಟೆಗೆ ಹೋದಾಗ ಪ್ಯಾಟ್ಸಿ ಮಿಂಕ್ ಅನ್ನುವ ಹೆಸರು ಅಲ್ಲೇ ಇತ್ತು. ಅವರು ಇಲ್ಲ ಅಂತ ಎಲ್ಲರಿಗೂ ಗೊತ್ತು. ಅವರನ್ನು ಗೆಲ್ಲಿಸಿದರೆ ಇನ್ನೊಮ್ಮೆ ಚುನಾವಣೆ ನಡೆಸಬೇಕು, ಮತ್ತೆ ಬಂದು ಮತ ಹಾಕಬೇಕು ಅಂತಲೂ ಗೊತ್ತು. ಆದರೂ ಆ ಹೆಸರಿಗೇ ಮತ ಹಾಕಿ ಗೆಲ್ಲಿಸಿದರು.